ಸತ್ಯಾಂಶ: ಧರ್ಮಗುರುವಾಗಲು ಓದೇ ಬೇಡವೇ?

ಧರ್ಮಗುರುವಾಗಲು ಓದು ಬೇಕಿಲ್ಲ, ವೇಷ ತೊಟ್ಟರೆ ಸಾಕು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆ ಒಂದು ಧರ್ಮದವರನ್ನು, ಮತ್ತೊಮ್ಮೆ ಇನ್ನೊಂದು ಧರ್ಮದವರನ್ನು ಕುರಿತು ಸುತ್ತುತ್ತಲೇ ಇರುತ್ತದೆ. ಅದು ನಿಜವಲ್ಲ. ಕ್ಯಾಥೊಲಿಕ್ ಪಾದ್ರಿಯಾಗುವವರು ಚರ್ಚಿನ ನಿಯಮದಂತೆ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರವನ್ನು ಕನಿಷ್ಠ 6 ವರ್ಷ ಓದಬೇಕು. ಅರಬ್ಬಿ ವ್ಯಾಕರಣ, ತರ್ಕ, ಪ್ರವಾದಿ ಮುಹಮ್ಮದರ ನಡೆನುಡಿಗಳ ವರದಿಗಳಾದ ಹದೀಸ್‌ಗಳನ್ನು ಒಳಗೊಂಡ ಮದರಸಾಗಳ ದರ್ಸೆ ನಿಜಾಮಿ ಪಠ್ಯಕ್ರಮಕ್ಕೆ ಸಾಮಾನ್ಯವಾಗಿ 8 ವರ್ಷ ಹಿಡಿಯುತ್ತದೆ. ವೇದ ಪಠಣದ ಕಠಿಣ ಕ್ರಮವಾದ ಘನಪಾಠ ಕಲಿಯುವ ವೇದವಿದ್ಯಾರ್ಥಿಯಂತೂ ಮಂತ್ರದ ಪದಗಳನ್ನು ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು ಎಂದು ಹಿಂದುಮುಂದಾಗಿ, ಸ್ವರ ತಪ್ಪದೆ, ಪುಸ್ತಕ ನೋಡದೆ ಹೇಳಬೇಕು. ಅದು ಎಂಥ ಸಾಧನೆಯೆಂಬುದು ಒಮ್ಮೆ ಕೇಳಿದವರಿಗೆ ತಿಳಿಯುತ್ತದೆ.

ತರಬೇತಿಯಿಲ್ಲದವರೂ ಎಲ್ಲ ಧರ್ಮಗಳಲ್ಲಿ ಇದ್ದಾರೆ ಎಂಬುದು ದಿಟ. ಆದ್ದರಿಂದಲೇ, ಇಂಥ ಸಂದೇಶ ಬಂದಾಗ ನಿಮ್ಮೂರಿನ ಅರ್ಚಕರನ್ನೋ ಮೌಲ್ವಿಯವರನ್ನೋ ಪಾದ್ರಿಯವರನ್ನೋ ಎಲ್ಲಿ, ಎಷ್ಟು ವರ್ಷ ಓದಿದಿರಿ ಎಂದು ವಿನಯದಿಂದ ಕೇಳಿ, ಆ ವಿದ್ಯಾಲಯದ ಪಠ್ಯಕ್ರಮವನ್ನು ನೀವೇ ತೆರೆದು ನೋಡಿ.