ಲೈಸೆನ್ಸ್ ಮಗಳದ್ದು, ಪಾಲಿಸಿ ಅಪ್ಪನದ್ದು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಜೋರು ಜಗಳ. ಯಾರದೋ ಮಗ ಬೇಸ್‌ಮೆಂಟಿನಲ್ಲಿ ರಿವರ್ಸ್ ತೆಗೆಯುವಾಗ ಪಕ್ಕದವರ ಕಾರಿನ ಬಾಗಿಲು ಉಜ್ಜಿದ್ದ. ಅಲ್ಲಿಂದ ಶುರುವಾದ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಇಲ್ಲಿಗೆ ಬಂದು ನಿಂತಿತು: "ಈ 18, 19ರ ಹುಡುಗರಿಗೆ ಇನ್ಶೂರೆನ್ಸ್ ಡಬಲ್ ಮಾಡಬೇಕು ಸರ್. ಫಾರಿನ್‌ನಲ್ಲಿ ಹಾಗೇ ಮಾಡೋದು." ಸಾಲಾಗಿ ಲೈಕುಗಳೂ ಬಿದ್ದವು. ನನ್ನ ಮಗಳಿಗೂ ಈಚೆಗಷ್ಟೇ ಲೈಸೆನ್ಸ್ ಬಂದಿದೆ. ಹಾಗಾಗಿ ನನಗೆ ಇದರಲ್ಲಿ ಪಕ್ಷಪಾತ ಇಲ್ಲ ಅಂತ ಹೇಳುವುದಿಲ್ಲ. ಆದರೂ ನನ್ನ ಪ್ರಕಾರ ಈ ಡಬಲ್ ಮಾಡುವ ಐಡಿಯಾ ನಮಗೆ ಹೊಂದುವುದಿಲ್ಲ. ಹೊಸ ಡ್ರೈವರ್‌ನ ಖರ್ಚು ನಮ್ಮಲ್ಲಿ ಈಗಾಗಲೇ ಇದೆ. ಪ್ರೀಮಿಯಂ ರಸೀದಿಯಲ್ಲಿ ಕಾಣುವುದಿಲ್ಲ, ಅಷ್ಟೇ.

ಮೊದಲು ಫಾರಿನ್ ವಿಷಯ ಮುಗಿಸಿಬಿಡೋಣ. ನನಗೆ ಸ್ವಲ್ಪ ಗೊತ್ತಿರುವುದು ಇಂಗ್ಲೆಂಡಿನದು, ಯಾಕೆಂದರೆ ನಮ್ಮಣ್ಣ ಅಲ್ಲಿದ್ದಾನೆ. ಅಲ್ಲಿ 17ಕ್ಕೇ ಕಾರಿನ ಲೈಸೆನ್ಸ್ ಸಿಗುತ್ತದೆ. ಅವನ ಮಗ ಟೆಸ್ಟ್ ಪಾಸಾದಾಗ ಮನೆಯಲ್ಲಿ ಹಬ್ಬ. ಮಾರನೇ ದಿನ ಕೊಟೇಶನ್ ನೋಡಿ ಅಣ್ಣ ನನಗೆ ಫೋನ್ ಮಾಡಿದ. "ಲೇ, ಇವನಿಗೆ ಅಂತ ನೋಡಿಟ್ಟಿದ್ದ ಸೆಕೆಂಡ್ ಹ್ಯಾಂಡ್ ಕಾರಿಗಿಂತ ಇನ್ಶೂರೆನ್ಸೇ ಜಾಸ್ತಿ ಕಣೋ!" ಅಲ್ಲಿ ವಿಮೆ ಕೊಡುವವರು ಓಡಿಸುವವನ ಜಾತಕವನ್ನೇ ಕೇಳುತ್ತಾರೆ. ವಯಸ್ಸು ಎಷ್ಟು, ಲೈಸೆನ್ಸ್ ಬಂದು ಎಷ್ಟು ದಿನವಾಯಿತು, ಏನು ಕೆಲಸ, ಯಾವ ಪಿನ್‌ಕೋಡ್, ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ. ಕಾರುಗಳನ್ನೂ 1ರಿಂದ 50ರವರೆಗೆ ಗುಂಪು ಮಾಡಿಟ್ಟಿದ್ದಾರೆ. ಹುಡುಗರು ಹುಡುಕುವುದೆಲ್ಲ ಮೊದಲ ಗುಂಪುಗಳ ಪುಟ್ಟ ಎಂಜಿನ್ ಕಾರುಗಳನ್ನೇ. ಹಿಂದೆ ಹುಡುಗಿಯರಿಗೆ ಸ್ವಲ್ಪ ಕಡಿಮೆ ಇತ್ತು. ಗಂಡು ಹೆಣ್ಣು ಅಂತ ಬೇರೆ ದರ ಹಾಕಬಾರದು ಎಂದು ಯುರೋಪಿನ ನ್ಯಾಯಾಲಯ ಹೇಳಿದ ಮೇಲೆ 2012ರ ಡಿಸೆಂಬರ್‌ನಿಂದ ಅದೂ ಹೋಯಿತು.

ಕಡಿಮೆ ಬೇಕು ಅಂದರೆ ಕಾರಿಗೆ ಬ್ಲ್ಯಾಕ್ ಬಾಕ್ಸ್ ಹಾಕಿಸಿಕೊಳ್ಳಬೇಕು. ಎಷ್ಟು ಸ್ಪೀಡು, ಎಷ್ಟು ಜೋರಾಗಿ ಬ್ರೇಕ್ ಒತ್ತಿದ, ಮಧ್ಯರಾತ್ರಿ ಎಲ್ಲಿಗೆ ಹೋದ, ಎಲ್ಲ ವರದಿ ಹೋಗುತ್ತದೆ. ಅಣ್ಣನ ಮಗನೂ ಹಾಕಿಸಿದ್ದಾನೆ. "ಅಮ್ಮನಿಗಿಂತ ಜಾಸ್ತಿ ಇದಕ್ಕೇ ಹೆದರ್ತೀನಿ ಚಿಕ್ಕಪ್ಪ" ಅನ್ನುತ್ತಾನೆ. ಇದರ ಜೊತೆಗೆ ಇನ್ನೊಂದು ಕತ್ತಿ ಇದೆ. ಲೈಸೆನ್ಸ್ ಬಂದ ಎರಡು ವರ್ಷದೊಳಗೆ ಸಂಚಾರ ನಿಯಮ ಮುರಿದು 6 ಪೆನಾಲ್ಟಿ ಪಾಯಿಂಟ್ ಆದರೆ ಲೈಸೆನ್ಸೇ ರದ್ದು. ಮತ್ತೆ ಲರ್ನರ್‌ನಿಂದ ಶುರು ಮಾಡಬೇಕು.

ಇಷ್ಟು ದುಬಾರಿ ಆದರೆ ಜನ ಏನು ಮಾಡುತ್ತಾರೆ? ನಮ್ಮವರೇನು, ಬ್ರಿಟಿಷರೇನು, ಎಲ್ಲರೂ ಒಂದೇ. ಕಾರನ್ನು ದಿನಾ ಓಡಿಸುವವನು ಮಗ, ಆದರೆ ಅರ್ಜಿಯಲ್ಲಿ ಅಪ್ಪನೇ ಮುಖ್ಯ ಡ್ರೈವರ್ ಅಂತ ಬರೆಯುತ್ತಾರೆ. ಅದಕ್ಕೆ ಅಲ್ಲಿ ಫ್ರಂಟಿಂಗ್ ಅನ್ನುತ್ತಾರೆ, ವಂಚನೆ ಅಂತಲೇ ಲೆಕ್ಕ. ಸಿಕ್ಕಿಬಿದ್ದರೆ ಕ್ಲೇಮೂ ಇಲ್ಲ, ಪಾಲಿಸಿಯೂ ಇಲ್ಲ.

ಈಗ ನಮ್ಮ ಮನೆಗೆ ಬರೋಣ. ರಿನ್ಯೂವಲ್ ಸಮಯದಲ್ಲಿ ಏಜೆಂಟರನ್ನು ಕೇಳಿದೆ, ಮಗಳೂ ಓಡಿಸುತ್ತಾಳೆ, ಹೆಸರು ಸೇರಿಸಬೇಕಾ ಅಂತ. "ಏನೂ ಬೇಡ ಸರ್. ನೀವು ಓಡಿಸಿದ್ರೂ ಅಷ್ಟೇ, ಅವರು ಓಡಿಸಿದ್ರೂ ಅಷ್ಟೇ. ಲೈಸೆನ್ಸ್ ಇದ್ರೆ ಸಾಕು" ಅಂದರು. ಅವರು ಹೇಳಿದ್ದು ಸರಿ. ನಮ್ಮಲ್ಲಿ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಇರುವ ವಿಮೆಯ ದರ ಸರ್ಕಾರವೇ ಗೊತ್ತು ಮಾಡುವುದು, ಅದೂ ಎಂಜಿನ್ ಗಾತ್ರ ನೋಡಿ. 2022ರ ಜೂನ್‌ನಲ್ಲಿ ಬಂದ ಪಟ್ಟಿಯಲ್ಲಿ 1000 ಸಿಸಿ ಒಳಗಿನ ಕಾರಿಗೆ 2,094 ರೂಪಾಯಿ, 1500ರವರೆಗೆ 3,416, ಅದರ ಮೇಲೆ 7,897. ಮೇಲೆ ಜಿಎಸ್‌ಟಿ ಬೇರೆ. ಓಡಿಸುವವರು 18ರವರೋ 68ರವರೋ, ಆ ಪಟ್ಟಿಗೆ ಬೇಕಾಗಿಲ್ಲ. ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆದ ಹಾನಿಗೆ ಇರುವ ಭಾಗದ ದರವನ್ನು 2007ರಿಂದ ಕಂಪನಿಗಳೇ ಹಾಕಿಕೊಳ್ಳುತ್ತವೆ ನಿಜ. ಅಲ್ಲೂ ಮುಖ್ಯವಾಗಿ ನೋಡುವುದು ಗಾಡಿ ಯಾವುದು, ಎಷ್ಟು ಹಳೆಯದು, ಯಾವ ಊರಿನ ರಿಜಿಸ್ಟ್ರೇಶನ್, ಹಿಂದೆ ಕ್ಲೇಮ್ ಆಗಿದೆಯಾ ಅನ್ನುವುದನ್ನು. ವಯಸ್ಸು ಕೇಳಿದರೂ ಅದು ಮಾಲೀಕರ ವಯಸ್ಸು, ಸ್ಟಿಯರಿಂಗ್ ಹಿಡಿದವರದ್ದಲ್ಲ.

ಗ್ರೂಪಿನ ಮಹನೀಯರು ಹೇಳುವಂತೆ ಇದನ್ನು ಬದಲಾಯಿಸಿ ವಯಸ್ಸಿಗೆ ಇಷ್ಟು ಅಂತ ದರ ಹಾಕಿದರೆ ಏನಾಗುತ್ತದೆ ಯೋಚಿಸಿ. ನಮ್ಮಲ್ಲಿ ಒಂದು ಮನೆಗೆ ಒಂದು ಕಾರು. ಅಪ್ಪ, ಅಮ್ಮ, ಮಗ, ಸೊಸೆ, ಊರಿಗೆ ಹೋಗುವಾಗ ಭಾವಮೈದ, ಒಮ್ಮೊಮ್ಮೆ ದಿನದ ಲೆಕ್ಕಕ್ಕೆ ಕರೆದುಕೊಂಡು ಹೋಗುವ ಡ್ರೈವರ್. ಯಾರ ಹೆಸರು ಬರೆಯುವುದು, ಯಾರದು ಬಿಡುವುದು? ಎಲ್ಲರೂ ಸುಮ್ನೆ ಅಪ್ಪನ ಹೆಸರು ಬರೆದು ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಕ್ಲೇಮ್ ಬಂದಾಗ ಕಂಪನಿಯವರಿಗೆ ಇಲ್ಲ ಅನ್ನುವುದಕ್ಕೆ ಒಂದು ಹೊಸ ಕಾರಣ ಸಿಗುತ್ತದೆ.

ಇನ್ನೊಂದು ವಿಷಯ. ನಮ್ಮ ರಸ್ತೆಗಳ ಮೇಲಿರುವ ಗಾಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ವಿಮೆಯೇ ಇಲ್ಲ ಅಂತ ಸಂಸದೀಯ ಸಮಿತಿಯ ವರದಿಯಲ್ಲೇ ಬಂದಿದೆ. ಕಾನೂನಿನ ಪ್ರಕಾರ ಕಡ್ಡಾಯ, ತಪ್ಪಿದರೆ ಮೊದಲ ಸಲ 2,000 ದಂಡ. ಆದರೂ ಈ ಸ್ಥಿತಿ. ಇದರ ಮೇಲೆ ಹೊಸ ಹುಡುಗರ ದರ ಡಬಲ್ ಮಾಡಿದರೆ ಅವರು ನಿಧಾನವಾಗಿ ಓಡಿಸುತ್ತಾರೆ ಅಂದುಕೊಂಡಿದ್ದೀರಾ? ವಿಮೆ ಇಲ್ಲದೇ ಓಡಿಸುತ್ತಾರೆ. ಅವರ ಕಾರು ಗುದ್ದಿದ ಬಡಪಾಯಿಗೆ ಪರಿಹಾರ ಕೊಡುವವರು ಯಾರು? ಥರ್ಡ್ ಪಾರ್ಟಿ ಅಗ್ಗವಾಗಿರುವುದು ಓಡಿಸುವವನ ಅನುಕೂಲಕ್ಕಿಂತ ಆ ಬಡಪಾಯಿಯ ಅನುಕೂಲಕ್ಕೆ.

ಮತ್ತೆ, ವಯಸ್ಸಿಗೂ ಹೊಸಬರು ಅನ್ನುವುದಕ್ಕೂ ಏನು ಸಂಬಂಧ? ನಮ್ಮ ಬೀದಿಯ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬೆಳಿಗ್ಗೆ ಕಲಿಯುವವರು ಅರ್ಧಕ್ಕರ್ಧ 40 ದಾಟಿದವರು. ಎಚ್ ಟ್ರ್ಯಾಕಿನಲ್ಲಿ ಕಂಬ ತಾಗಿಸದೆ ಹಿಂದೆ ಮುಂದೆ ಮಾಡಿ ಲೈಸೆನ್ಸ್ ತಗೊಂಡ 45ರವರು ರಿಂಗ್ ರೋಡಿಗೆ ಇಳಿದಾಗ ನನ್ನ ಮಗಳಷ್ಟೇ ಹೊಸಬರು. (ನಮ್ಮ ಟೆಸ್ಟಿನ ಬಗ್ಗೆ ಬರೆಯಲು ಹೋದರೆ ಇನ್ನೊಂದು ಪೋಸ್ಟ್ ಆಗುತ್ತದೆ, ಬಿಡಿ.)

ಹಾಗಾದರೆ ಆ ಕಾಣದ ಖರ್ಚು ಎಲ್ಲಿದೆ? ನೋ ಕ್ಲೇಮ್ ಬೋನಸ್‌ನಲ್ಲಿ, ಅಂದರೆ ಎನ್‌ಸಿಬಿಯಲ್ಲಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ. 20 ಕಡಿತ. ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಒಂದೇ ಒಂದು ಕ್ಲೇಮ್ ಮಾಡಿದರೆ ಹಾವು ಏಣಿ ಆಟದ ಹಾವಿನ ಹಾಗೆ ನೇರ ಸೊನ್ನೆಗೆ. ಉದಾಹರಣೆಗೆ ಬೋನಸ್ ಇಲ್ಲದ ಪ್ರೀಮಿಯಂ 12,000 ಅಂದುಕೊಳ್ಳಿ. ಪೂರ್ತಿ ಬೋನಸ್ ಇರುವ ಅಪ್ಪ ಕಟ್ಟುವುದು 6,000. ಈಗ ಹೊಸ ಡ್ರೈವರ್ ಗೇಟಿಗೆ ಗುದ್ದಿ ಬಂಪರ್ ಒಡೆದರು, ಕ್ಲೇಮ್ ಮಾಡಿದಿರಿ. ಮುಂದಿನ ವರ್ಷ 12,000, ಆಮೇಲೆ 9,600, 9,000, 7,800, 6,600. ಆರನೇ ಸಲಕ್ಕೆ ಮತ್ತೆ 6,000. ಕಾರು ಹಳೆಯದಾದ ಹಾಗೆ ಪ್ರೀಮಿಯಂ ಇಳಿಯುವುದನ್ನು ಪಕ್ಕಕ್ಕಿಟ್ಟರೆ, ಹೆಚ್ಚಿಗೆ ಹೋಗಿದ್ದು ಒಟ್ಟು 15,000. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿಸಿದರೆ 17,700.

ಕ್ಲೇಮಿನಿಂದ ಬಂದಿದ್ದೆಷ್ಟು? ಝೀರೋ ಡೆಪ್ (ಬಿಡಿಭಾಗ ಹಳೆಯದಾಯಿತು ಅಂತ ಕಡಿತ ಮಾಡದ ಹೆಚ್ಚುವರಿ ಕವರ್) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಅರ್ಧವೇ ಕೊಡುವುದು. 8,000ದ ಬಂಪರ್‌ಗೆ 4,000. ಅದರಲ್ಲಿ 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ನಮ್ಮ ಕೈಯಿಂದ ಹೋಗುವ 1,000 ಕಳೆಯಿರಿ. ಪೇಂಟು, ಲೇಬರ್ ಅಂತ ಸ್ವಲ್ಪ ಸೇರಿದರೂ ಲೆಕ್ಕ ಎಲ್ಲಿಗೆ ಬರುತ್ತದೆ ಅಂತ ನೀವೇ ನೋಡಿ. ಶೋರೂಮಿನ ಸರ್ವಿಸ್ ಅಡ್ವೈಸರ್ ಮಾತ್ರ "ಇನ್ಶೂರೆನ್ಸ್ ಇದೆಯಲ್ಲ ಸರ್, ಹಾಕ್ಬಿಡೋಣ" ಅನ್ನುತ್ತಾರೆ. ಅವರಿಗೇನು, ಬೋನಸ್ ಹೋಗುವುದು ನಮ್ಮದು. ಹೊಸಬರು ಮನೆಯಲ್ಲಿ ಇದ್ದಾಗ ಬೋನಸ್ ಉಳಿಸುವ ಎನ್‌ಸಿಬಿ ಪ್ರೊಟೆಕ್ಟ್ ಮತ್ತು ಝೀರೋ ಡೆಪ್, ಈ ಎರಡಕ್ಕೆ ಕೊಡುವ ದುಡ್ಡು ದಂಡವಲ್ಲ. ನಾನು ಎರಡನ್ನೂ ತಗೊಂಡಿದ್ದೇನೆ. ನನ್ನ ಮಗಳ ಪಾಲಿನ ಪ್ರೀಮಿಯಂ ಅಂದರೆ ಅದೇ.

ಇದೆಲ್ಲ ದುಡ್ಡಿನ ಮಾತಾಯಿತು. ಇದಕ್ಕಿಂತ ದೊಡ್ಡ ತೂತು ಬೇರೆ ಕಡೆ ಇದೆ. ಪಾಲಿಸಿಯಲ್ಲಿ 15 ಲಕ್ಷದ ಪರ್ಸನಲ್ ಆ್ಯಕ್ಸಿಡೆಂಟ್ ಕವರ್ ಅಂತ ಒಂದು ಸಾಲು ಇರುತ್ತದಲ್ಲ, ಅದು ಓನರ್-ಡ್ರೈವರ್‌ಗೆ. ಅಂದರೆ ಕಾರು ಯಾರ ಹೆಸರಿನಲ್ಲಿದೆಯೋ ಅವರಿಗೆ, ಅದೂ ಅವರಿಗೆ ಲೈಸೆನ್ಸ್ ಇದ್ದರೆ. ಅಪ್ಪನ ಕಾರು ತಗೊಂಡು ಹೋದ ಮಗಳಿಗಲ್ಲ. ಎಷ್ಟೋ ಮನೆಗಳಲ್ಲಿ ಕಾರು ಅಜ್ಜಿಯ ಹೆಸರಿನಲ್ಲೋ ಅಮ್ಮನ ಹೆಸರಿನಲ್ಲೋ ಇರುತ್ತದೆ, ಅವರು ಸ್ಟಿಯರಿಂಗ್ ಮುಟ್ಟಿಯೂ ಇರುವುದಿಲ್ಲ. ಆ ಮನೆಯಲ್ಲಿ ಆ ಸಾಲು ಯಾರಿಗೂ ಇಲ್ಲ.

ಹಾಗಂತ ಥರ್ಡ್ ಪಾರ್ಟಿಯಿಂದ ಸಿಗುತ್ತದಾ ಅಂದರೆ ಅದೂ ಕಷ್ಟ. ಕರ್ನಾಟಕದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಒಬ್ಬರು ಬೇರೆಯವರ ಬೈಕ್ ತಗೊಂಡು ಹೋಗುವಾಗ ಮುಂದಿದ್ದ ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡಿದ್ದರು. ಗಾಡಿಯನ್ನು ಕೇಳಿ ಪಡೆದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಲ್ಲುತ್ತಾರೆ, ಆದ್ದರಿಂದ ಮೋಟಾರು ವಾಹನ ಕಾಯ್ದೆಯ ಆಗಿನ 163ಎ ಕಲಂ (ತಪ್ಪು ಯಾರದು ಅಂತ ಸಾಬೀತು ಮಾಡದೆಯೇ ಪರಿಹಾರ ಕೇಳುವ ದಾರಿ) ಅಡಿ ಅವರ ಮನೆಯವರು ಪರಿಹಾರ ಕೇಳಲಾಗದು ಎಂದು 2009ರಲ್ಲಿ ಕೋರ್ಟ್ ಹೇಳಿತು. ನಮ್ಮ ಮಕ್ಕಳೆಲ್ಲ ನಮ್ಮ ಗಾಡಿಗಳನ್ನು ಹಾಗೇ ಕೇಳಿ ಪಡೆದು ಓಡಿಸುವವರು ಅಲ್ವಾ? ಓಡಿಸುವ ಮಕ್ಕಳ ಹೆಸರಿಗೆ ಬೇರೆಯಾಗಿ ಒಂದು ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿ ಅಂತ ಯಾವ ಏಜೆಂಟರೂ ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಬಹುಶಃ ಅದರಲ್ಲಿ ಕಮಿಷನ್ ಕಡಿಮೆ.

ಲೈಸೆನ್ಸ್ ಬರುವ ಮೊದಲೇ ಕೀ ಕೊಡುವವರಿಗೆ ಎರಡು ಮಾತು ಸಾಕು. ಎಲ್‌ಎಲ್ (ಲರ್ನರ್ ಲೈಸೆನ್ಸ್) ಇದ್ದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು, ಮುಂದೆ ಹಿಂದೆ ಕೆಂಪು ಎಲ್ ಬೋರ್ಡ್ ಇರಬೇಕು. ಇಲ್ಲದಿದ್ದರೆ ಪಾಲಿಸಿಯ ಷರತ್ತು ಮುರಿದಂತೆ. ಗುದ್ದಿಸಿಕೊಂಡವರಿಗೆ ಕಂಪನಿ ಮೊದಲು ದುಡ್ಡು ಕೊಟ್ಟು, ಆಮೇಲೆ ಅದನ್ನು ಮಾಲೀಕರಿಂದ ವಸೂಲಿ ಮಾಡಲು ಬರಬಹುದು. ಇನ್ನು 18 ತುಂಬದವರ ಕೈಗೆ ಕೊಟ್ಟರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ, ಗಾಡಿಯ ರಿಜಿಸ್ಟ್ರೇಶನ್ 12 ತಿಂಗಳು ರದ್ದು. ಆ ಹುಡುಗನಿಗೆ 25 ಆಗುವವರೆಗೆ ಲೈಸೆನ್ಸ್ ಇಲ್ಲ.

ಹಾಗಾದರೆ ಏನೂ ಬದಲಾಗುವುದೇ ಬೇಡವಾ? ಬೇಕು. ಆದರೆ ಲೆಕ್ಕ ಹುಟ್ಟಿದ ದಿನಾಂಕಕ್ಕಲ್ಲ, ಓಡಿಸುವ ರೀತಿಗೆ ಇರಲಿ. 2021ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಒಂದು ಸಮಿತಿ ಸಂಚಾರ ನಿಯಮ ಮುರಿದವರ ಪ್ರೀಮಿಯಂ ಏರಿಸುವ ಸಲಹೆ ಕೊಟ್ಟಿತ್ತು. 2022ರ ಜುಲೈನಲ್ಲಿ ಎಷ್ಟು ಓಡಿಸುತ್ತೀರಿ, ಹೇಗೆ ಓಡಿಸುತ್ತೀರಿ ಅನ್ನುವುದರ ಮೇಲೆ ದರ ಹಾಕುವ ಆ್ಯಡ್-ಆನ್‌ಗಳಿಗೆ (ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಕವರ್‌ಗಳಿಗೆ) ಪ್ರಾಧಿಕಾರ ಒಪ್ಪಿಗೆಯನ್ನೂ ಕೊಟ್ಟಿತು. ನನಗೆ ಬಂದ ಜಾಹೀರಾತುಗಳಲ್ಲೆಲ್ಲ ಕಿಲೋಮೀಟರ್ ಲೆಕ್ಕವೇ ಇದೆ. ಕಡಿಮೆ ಓಡಿಸಿದರೆ ಕಡಿಮೆ ಕಟ್ಟಿ ಅಂತ. ಸರಿಯೇ, ಆದರೆ ಹೊಸದಾಗಿ ಕಲಿತವರು ಕಡಿಮೆ ಓಡಿಸಿದರೆ ಕೈ ಕುದುರುವುದು ಯಾವಾಗ?

ನನ್ನ ನಿಜವಾದ ತಕರಾರು ನೋ ಕ್ಲೇಮ್ ಬೋನಸ್ ಬಗ್ಗೆಯೇ. ಅದು ಕಾರಿಗೆ ಸೇರಿದ್ದಲ್ಲ, ಪಾಲಿಸಿದಾರನಿಗೆ ಸೇರಿದ್ದು ಅನ್ನುತ್ತಾರೆ. ಕಾರು ಮಾರಿದರೂ ನಾನು ನನ್ನ ಬೋನಸ್ಸನ್ನು ಹೊಸ ಕಾರಿಗೆ ಒಯ್ಯಬಹುದು. ಒಳ್ಳೆಯದು. ಆದರೆ ಮುಂದಿನ ಐದು ವರ್ಷ ಈ ಕಾರನ್ನು ನನಗಿಂತ ಜಾಸ್ತಿ ಓಡಿಸುವವಳು ಮಗಳು. ಅವಳು ಒಂದು ಗೀಚೂ ಬೀಳದಂತೆ ಓಡಿಸಿದರೆ ಶೇ. 50 ನನ್ನ ಹೆಸರಿಗೆ. ನಾಳೆ ಕೆಲಸ ಸಿಕ್ಕಿ ಅವಳು ಸ್ವಂತ ಕಾರು ತಗೊಂಡರೆ ಅವಳ ಬೋನಸ್ ಸೊನ್ನೆ. ಅದೇ ದಿನ ಕಲಿತು, ಅದೇ ದಿನ ಕಾರು ತಗೊಂಡವರದೂ ಸೊನ್ನೆ. ಲೈಸೆನ್ಸ್ ನಂಬರ್, ಚಲನ್, ಕ್ಲೇಮು ಎಲ್ಲವೂ ಕಂಪ್ಯೂಟರಿನಲ್ಲಿ ಇದೆ. ಕ್ಲೇಮ್ ಫಾರ್ಮಿನಲ್ಲಿ ಓಡಿಸಿದವರ ಲೈಸೆನ್ಸ್ ನಂಬರ್ ತಪ್ಪದೇ ಕೇಳುತ್ತಾರಲ್ಲ, ರಿನ್ಯೂವಲ್ ಮಾಡುವಾಗಲೂ ಒಮ್ಮೆ ಕೇಳಲಿ. ಚೆನ್ನಾಗಿ ಓಡಿಸಿದ ವರ್ಷಗಳನ್ನು ಆ ನಂಬರಿಗೆ ಜಮಾ ಮಾಡಲಿ.