ಕಾದಂಬರಿಯಲ್ಲಿ ಜನ ಕೆಲಸ ಮಾಡಬೇಕು

ಒಂದು ಕಾದಂಬರಿ ಹಿಡಿಸಿತೋ ಇಲ್ಲವೋ ಅಂತ ಹೇಳಲು ನನಗೆ ಇರುವುದು ಒಂದೇ ಲೆಕ್ಕ. ಅದರೊಳಗಿನ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಅಂತ ಗೊತ್ತಾಗಬೇಕು. ಅದು ಗೊತ್ತಾದರೆ ಅವರ ಪ್ರೀತಿ, ಜಗಳ, ಸಾವು ಎಲ್ಲವನ್ನೂ ನಂಬುತ್ತೇನೆ. ಗೊತ್ತಾಗದಿದ್ದರೆ ಅವರು ಎಷ್ಟು ದೊಡ್ಡ ಮಾತಾಡಿದರೂ ನನಗೆ ತಾಗುವುದಿಲ್ಲ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಿಕೆ ಕೃಷಿಕ. ಸಾಹಿತ್ಯ ಪಾಠ ಮಾಡುವವನಲ್ಲ, ರಾತ್ರಿ ಊಟ ಆದ ಮೇಲೆ ಓದುವವನು. ಹಾಗಾಗಿ ಈ ಲೆಕ್ಕ ನನಗೆ ಸಹಜ ಅಂತಲೇ ಅನಿಸುತ್ತದೆ.

ಕಾರಂತರನ್ನು ತೆಗೆದುಕೊಳ್ಳಿ. ಎಲ್ಲರೂ 'ಮೂಕಜ್ಜಿಯ ಕನಸುಗಳು' ಅನ್ನುತ್ತಾರೆ, ಜ್ಞಾನಪೀಠ ಬಂದದ್ದೂ ಅದಕ್ಕೇ. ನನಗೆ ಅದರಲ್ಲಿ ಅಜ್ಜಿಯ ವಿಚಾರ ಜಾಸ್ತಿ, ಊರು ಕಡಿಮೆ ಅನಿಸಿತು. ನನ್ನ ಮಟ್ಟಿಗೆ 1943ರ 'ಬೆಟ್ಟದ ಜೀವ'ವೇ ದೊಡ್ಡ ಪುಸ್ತಕ. ದಾರಿ ತಪ್ಪಿ ಬಂದ ಅಪರಿಚಿತನನ್ನು ಗೋಪಾಲಯ್ಯ ಮನೆಗೆ ಕರೆದು ಉಪಚಾರ ಮಾಡುತ್ತಾರಲ್ಲ, ಅಲ್ಲಿಂದ ಕೊನೆಯವರೆಗೂ ಆ ಮನೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಕುಮಾರಪರ್ವತದ ಕೆಳಗೆ ಕಾಡಿನ ನಡುವೆ ತೋಟ ಮಾಡಿದ ಮನುಷ್ಯ ಅವರು. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಆ ಸಂಕಟ ಊಟದ ನಡುವೆ, ತೋಟದ ಮಾತಿನ ನಡುವೆ ಬಂದು ಹೋಗುತ್ತದೆ. ಅದಕ್ಕೆಂದೇ ಬೇರೆ ಅಧ್ಯಾಯ ಇಟ್ಟು ಅಳಿಸುವುದಿಲ್ಲ ಕಾರಂತರು. ನಮ್ಮ ಹತ್ತಿರದ ಕಾರಡ್ಕ, ಮುಳಿಯಾರು ಕಡೆ ಇವತ್ತಿಗೂ ಕಾಡಾನೆ ತೋಟಕ್ಕೆ ನುಗ್ಗುತ್ತದೆ. ಒಂದು ರಾತ್ರಿಯಲ್ಲಿ ಬಾಳೆ, ಅಡಿಕೆ ಎಲ್ಲ ನೆಲಸಮ. ಮಕ್ಕಳು ಬೆಂಗಳೂರಿನಲ್ಲಿ, ಗಲ್ಫಿನಲ್ಲಿ. ಮನೆಯಲ್ಲಿ ಇಬ್ಬರೇ ಮುದುಕರು. ಗೋಪಾಲಯ್ಯ, ಶಂಕರಮ್ಮ ನಮ್ಮ ಪ್ರತಿ ಬೈಲಿನಲ್ಲೂ ಇದ್ದಾರೆ.

ಇನ್ನು ಅನಂತಮೂರ್ತಿಯವರ 'ಸಂಸ್ಕಾರ'. 1965ರಲ್ಲಿ ಬಂದ ಪುಸ್ತಕ, ಇವತ್ತಿಗೂ ಜನ ಅದರ ಬಗ್ಗೆ ವಾದ ಮಾಡುತ್ತಾರೆ. ನನ್ನ ತಕರಾರು ಒಂದೇ. ಅಗ್ರಹಾರದಲ್ಲಿ ಬ್ರಾಹ್ಮಣ ಆಚಾರ ಬಿಟ್ಟು ಬದುಕಿದ್ದ ನಾರಣಪ್ಪನ ಹೆಣ ಕೊಳೆಯುತ್ತಿದೆ. ಅದನ್ನು ಯಾರು ಸಂಸ್ಕಾರ ಮಾಡಬೇಕು ಅಂತ ಪ್ರಾಣೇಶಾಚಾರ್ಯರು ಶಾಸ್ತ್ರ ಹುಡುಕುತ್ತಾರೆ. ಉಳಿದವರು ಹಸಿವಿನಲ್ಲಿ, ನಾರಣಪ್ಪನ ಜೊತೆ ಬಾಳಿದ ಚಂದ್ರಿಯ ಬಂಗಾರದ ಆಸೆಯಲ್ಲಿ ಬೇಯುತ್ತಾರೆ. ಕೊನೆಗೆ ಆಗಬೇಕಾದ ಕೆಲಸ ಮಾಡಿದವಳು ಚಂದ್ರಿ. ಮೀನಿನ ವ್ಯಾಪಾರದ ಅಹಮದ್ ಬ್ಯಾರಿಯ ಸಹಾಯ ಪಡೆದು ರಾತ್ರೋರಾತ್ರಿ ಹೆಣ ಸುಡಿಸಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಆಮೇಲೆ ಅವಳೇ ಇಲ್ಲ! ಪುಸ್ತಕ ಪೂರ್ತಿ ಆಚಾರ್ಯರ ಮನಸ್ಸಿನ ಹಿಂದೆ ಹೋಗುತ್ತದೆ. ಆ ಭಾಗದ ಬರವಣಿಗೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ನನಗೆ ಬೇಕಾದದ್ದು ಚಂದ್ರಿಯ ಜೊತೆ ಕುಂದಾಪುರಕ್ಕೆ ಹೋಗುವುದು.

ಮಹಾಭಾರತದ ಕಥೆಯ 'ಪರ್ವ' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯುದ್ಧದ ಹೇಲು, ಉಚ್ಚೆ, ನಾತ, ಆಹಾರದ ಪರದಾಟ ಬರೆದ ಕಡೆ ಭೈರಪ್ಪನವರಿಗೆ ಕೈ ಮುಗಿಯಬೇಕು. ಧರ್ಮಜಿಜ್ಞಾಸೆ ಶುರುವಾದ ಕಡೆ ನಾನು ಪುಟ ಹಾರಿಸಿದ್ದೇನೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ದಪ್ಪ ಇದೆ ಅಂತ ಹೆದರಬೇಡಿ. ಮಳೆಗಾಲದಲ್ಲಿ ಓದಿ. ಜಿಗಣೆ, ಕೆಸರು, ಕಾಡಿನ ದಾರಿ ಎಲ್ಲ ನಮಗೆ ಗೊತ್ತಿದ್ದದ್ದೇ. ಕೊನೆಯಲ್ಲಿ ತುಂಬಿ ಹರಿಯುವ ತುಂಗೆಯಲ್ಲಿ ಗುತ್ತಿಯ ನಾಯಿ 'ಹುಲಿಯ' ಕೊಚ್ಚಿಹೋಗುವುದನ್ನು ಓದಿ ನಾನು ಅತ್ತಿದ್ದೇನೆ.

'ಘಾಚರ್ ಘೋಚರ್' ನನ್ನ ಲೆಕ್ಕವನ್ನೇ ತಿರುಗಿಸಿ ಹೊಡೆದ ಪುಸ್ತಕ. ಅದರ ನಾಯಕನಿಗೆ ಕೆಲಸವೇ ಇಲ್ಲ. ಚಿಕ್ಕಪ್ಪನ ಮಸಾಲೆ ಕಂಪನಿಯಲ್ಲಿ ಹೆಸರಿಗೊಂದು ಹುದ್ದೆ, ಹೊತ್ತು ಕಳೆಯಲು ಕಾಫಿ ಹೌಸ್. ದುಡಿಯದೆ ಬಂದ ಹಣ ಒಂದು ಮನೆಯನ್ನು ಏನು ಮಾಡುತ್ತದೆ ಅಂತ ವಿವೇಕ ಶಾನಭಾಗರು ಇರುವೆ ಕೊಲ್ಲುವ ಒಂದು ಪ್ರಸಂಗದಲ್ಲೇ ತೋರಿಸಿಬಿಡುತ್ತಾರೆ. ಸಣ್ಣ ಪುಸ್ತಕ. ಮತ್ತೆ ಮತ್ತೆ ಓದಿದ್ದೇನೆ.

ಈಗ ನಮ್ಮ ಮಣ್ಣಿನದ್ದು. ಸಾರಾ ಅಬೂಬಕ್ಕರ್ ಹುಟ್ಟಿದ್ದು ಕಾಸರಗೋಡಿನಲ್ಲಿ. 'ಚಂದ್ರಗಿರಿಯ ತೀರದಲ್ಲಿ' ಮೊದಲು 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ಭಾಷೆ ಸಪ್ಪೆ, ಕಲೆ ಸಾಲದು ಅಂತ ಹೇಳುವವರನ್ನು ಕಂಡಿದ್ದೇನೆ. ನಾನು ಒಪ್ಪುವುದಿಲ್ಲ. ಅಪ್ಪನ ಹಟ, ಗಂಡನ ತಲಾಖ್, ಮತ್ತೆ ಅದೇ ಗಂಡನ ಹತ್ತಿರ ಹೋಗಬೇಕಾದರೆ ನಡುವೆ ಇನ್ನೊಬ್ಬನ ಹೆಂಡತಿಯಾಗಬೇಕು ಅನ್ನುವ ನಿಯಮ. ಇಷ್ಟರ ನಡುವೆ ನಾದಿರಾ ಮಸೀದಿಯ ಕೊಳದ ಕಡೆ ನಡೆಯುವಾಗ ಅಲಂಕಾರದ ಮಾತು ಯಾರಿಗೆ ಬೇಕು? ಆ ಸರಳ ಭಾಷೆಯೇ ಸರಿ.

ಇನ್ನೊಂದನ್ನು ಮಲಯಾಳದಲ್ಲೇ ಓದಿದೆ. ಅಂಬಿಕಾಸುತನ್ ಮಾಂಗಾಡ್ ಅವರ 'ಎಣ್ಮಕಜೆ', 2009ರದ್ದು. ಪೆರ್ಲದ ಹತ್ತಿರದ ಪಂಚಾಯತಿನ ಹೆಸರೇ ಪುಸ್ತಕಕ್ಕೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಕಾಲ, ಆ ವಿಷಕ್ಕೆ ನರಳಿದ ಮಕ್ಕಳು, ಆ ತಾಯಂದಿರು. ಕಾದಂಬರಿಯಾಗಿ ಅದರಲ್ಲಿ ದೋಷ ಇದೆ. ನೀಲಕಂಠನ್, ದೇವಯಾನಿ ಕೆಲವು ಕಡೆ ಮನುಷ್ಯರಿಗಿಂತ ಹೆಚ್ಚಾಗಿ ಸಂಕೇತಗಳಾಗುತ್ತಾರೆ. ಹೋರಾಟದ ಭಾಷಣ ಕಥೆಯನ್ನು ತಡೆದು ನಿಲ್ಲಿಸುತ್ತದೆ. ಆದರೂ ಒಂದೊಂದು ಗುಡಿಸಲಿಗೆ ಹೋಗಿ ಮಕ್ಕಳನ್ನು ನೋಡುವ ಪುಟಗಳನ್ನು ನಿದ್ದೆ ಬಿಟ್ಟು ಓದಿದ್ದೇನೆ. ಅಲ್ಲಿ ಬರುವ ಸ್ವರ್ಗ ಕಲ್ಪನೆಯ ಜಾಗ ಅಲ್ಲ, ನಮ್ಮಲ್ಲಿ ಬಸ್ಸಿನ ಬೋರ್ಡಿನಲ್ಲಿರುವ ಊರು.

ನನಗೆ ಬೇಸರ ಇರುವುದು ಇಲ್ಲಿ. ಎಣ್ಮಕಜೆಯಲ್ಲಿ ಕನ್ನಡ, ತುಳು ಮಾತಾಡುವವರೇ ತುಂಬಾ ಜನ. ಆ ಕಥೆಯನ್ನು ನಾನು ಓದಿದ್ದು ಮಲಯಾಳದಲ್ಲಿ. ಬರೆದವರಿಗೆ ಋಣಿ. ನಾವು ನಮ್ಮ ಕವಿಗಳಾದ ಕೈಯ್ಯಾರರ, ಗೋವಿಂದ ಪೈಗಳ ಹೆಸರು ಹೇಳಿ ಭಾಷಣ ಮಾಡುತ್ತೇವೆ, ಸಮ್ಮೇಳನ ಮಾಡುತ್ತೇವೆ. ಕಾಸರಗೋಡು ಕೇರಳಕ್ಕೆ ಸೇರಿಹೋದ 1956ರ ನವೆಂಬರ್ ಒಂದರ ಗಾಯದ ಬಗ್ಗೆ ಕವನ ಬರೆಯುತ್ತೇವೆ. ಸರಿ, ಅದೂ ಬೇಕು. ಆದರೆ ಈಗಿನ ಕುಂಬಳೆ, ಉಪ್ಪಳ ಎಲ್ಲಿ? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಮಲಯಾಳ ಅಂತ ಓಡಾಡುವ ಹುಡುಗಿ ಎಲ್ಲಿ? ಮರ ಹತ್ತುವವರು ಸಿಗದೆ ಅಡಿಕೆ ಉದುರುವ ತೋಟ, ಬೀಡಿ ಕಟ್ಟಿ ಮಗಳನ್ನು ನರ್ಸಿಂಗ್ ಓದಿಸಿದ ಅಮ್ಮ, ಇವರೆಲ್ಲ ಇರುವ ದಪ್ಪ ಕಾದಂಬರಿ ನನಗೆ ಬೇಕು. ಇಲ್ಲಿ ಕನ್ನಡ ಪುಸ್ತಕ ಬೇಕಾದರೆ ಹೆಚ್ಚಾಗಿ ಮಂಗಳೂರಿಗೇ ಹೋಗಬೇಕು, ಅದಕ್ಕೂ ತಯಾರಿದ್ದೇನೆ. ಯಾರಾದರೂ ಬರೆದಿದ್ದರೆ ಹೆಸರು ಕಮೆಂಟಿನಲ್ಲಿ ಹಾಕಿ. ಬರೆಯುತ್ತಿರುವವರು ಇದ್ದರೆ ದಯವಿಟ್ಟು ಬೇಗ ಮುಗಿಸಿ.