ಟಿಕೆಟ್ ದುಡ್ಡು ಯಾರ ಜೇಬಿಗೆ?

ಮ್ಯಾಂಚೆಸ್ಟರ್‌ಗೆ ಬಂದ ಹೊಸತರಲ್ಲಿ ಒಂದು ದಿನ ರಿಟರ್ನ್ ಟಿಕೆಟ್ ತೆಗೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಮೊದಲು ಬಂದ ಬಸ್ ಹತ್ತಿದರೆ, "ಈ ಟಿಕೆಟ್ ನಮ್ಮಲ್ಲಿ ನಡೆಯಲ್ಲ" ಎಂದ ಡ್ರೈವರ್. ರಸ್ತೆ ಅದೇ, ಸ್ಟಾಪ್ ಅದೇ, ಕಂಪನಿ ಮಾತ್ರ ಬೇರೆ. ಇನ್ನೊಂದು ಟಿಕೆಟ್ ತೆಗೆದುಕೊಂಡೆ.

ಇದು 1986ರಲ್ಲಿ ಶುರುವಾದ ಕಥೆ. ಬ್ರಿಟನ್ನಿನಲ್ಲಿ ಲಂಡನ್ ಬಿಟ್ಟು ಉಳಿದ ಕಡೆ ಯಾವ ಕಂಪನಿ ಬೇಕಾದರೂ ತನಗೆ ಇಷ್ಟ ಬಂದ ರೂಟಿನಲ್ಲಿ, ಇಷ್ಟ ಬಂದ ದರದಲ್ಲಿ ಬಸ್ ಓಡಿಸಬಹುದು ಎಂದಾಯಿತು. ಜನ ಜಾಸ್ತಿ ಇರುವ ರಸ್ತೆಯಲ್ಲಿ ಬಸ್ಸಿನ ಹಿಂದೆ ಬಸ್ಸು. ಭಾನುವಾರ ಸಂಜೆ ಹೊರವಲಯದಲ್ಲಿ ಸ್ಥಳೀಯ ಕೌನ್ಸಿಲ್ ಕೈಯಿಂದ ದುಡ್ಡು ಹಾಕಿದರೆ ಬಸ್ ಉಂಟು, ಇಲ್ಲದಿದ್ದರೆ ಇಲ್ಲ.

ಲಂಡನ್ನಿನ ಕೆಂಪು ಬಸ್ಸುಗಳನ್ನು ಓಡಿಸುವುದೂ ಖಾಸಗಿಯವರೇ. ಆದರೆ ರೂಟು, ಟೈಮು, ದರ ಎಲ್ಲ ನಗರದ ಸಾರಿಗೆ ಸಂಸ್ಥೆಯದ್ದು. ಟಿಕೆಟ್ ದುಡ್ಡೂ ಸಂಸ್ಥೆಗೇ ಹೋಗುತ್ತದೆ, ಬಸ್ ಓಡಿಸಿದ್ದಕ್ಕೆ ಕಂಪನಿಗೆ ಕಾಂಟ್ರ್ಯಾಕ್ಟ್ ಹಣ ಸಿಗುತ್ತದೆ. 2023ರ ಸೆಪ್ಟೆಂಬರ್‌ನಿಂದ 2025ರ ಜನವರಿಯೊಳಗೆ ನಮ್ಮ ಗ್ರೇಟರ್ ಮ್ಯಾಂಚೆಸ್ಟರ್ ಕೂಡ ಇದೇ ದಾರಿಗೆ ಬಂತು. ಬಸ್ಸೆಲ್ಲ ಹಳದಿ, ಟಿಕೆಟ್ ಒಂದೇ. (ರೈಲಿನದ್ದು ಇನ್ನೂ ಗೋಜಲು. ಒಂದೊಂದೇ ಕಂಪನಿಯನ್ನು ಸರ್ಕಾರ ಈಗ ವಾಪಸ್ ತೆಗೆದುಕೊಳ್ಳುತ್ತಿದೆ, ಆದರೆ ಬಹುಪಾಲು ಬೋಗಿಗಳು ಇವತ್ತಿಗೂ ಖಾಸಗಿಯವರಿಂದ ಬಾಡಿಗೆಗೆ ತಂದವು!)

ಉಡುಪಿ-ಮಂಗಳೂರು ಕಡೆ ಬೆಳೆದ ನನಗೆ ಖಾಸಗಿ ಬಸ್ ಹೊಸದಲ್ಲ. ಕಾಗದದಲ್ಲಿ ನೋಡಿದರೆ 1986ರ ಬ್ರಿಟನ್ನಿಗಿಂತ ನಮ್ಮದೇ ವಾಸಿ. ನಮ್ಮೂರಲ್ಲಿ ರೂಟಿಗೆ ಪರ್ಮಿಟ್ ಬೇಕು, ಅದರಲ್ಲೇ ಟೈಮ್ ಬರೆದಿರುತ್ತದೆ, ದರವನ್ನೂ ಸರ್ಕಾರವೇ ಗೊತ್ತು ಮಾಡುತ್ತದೆ. ಮತ್ತೆ ಬಸ್ಸು ಬಸ್ಸುಗಳ ನಡುವೆ ಆ ರೇಸ್ ಯಾಕೆ? ಕಲೆಕ್ಷನ್ ಆಯಾ ಬಸ್ಸಿನದ್ದು, ಅದಕ್ಕೆ. ಮುಂದಿನ ಸ್ಟಾಪಿನಲ್ಲಿ ನಿಂತಿರುವ ಹತ್ತು ಜನ ಯಾರಿಗೆ ಸಿಗುತ್ತಾರೆ ಎಂಬುದರ ಮೇಲೆ ಆ ಟ್ರಿಪ್ಪಿನ ಲಾಭ ನಿಂತಿದೆ. ಹಿಂದಿನ ಬಸ್ಸಿನ ಹಾರ್ನ್ ಕೇಳಿದ ಮೇಲೆ ಡ್ರೈವರ್ ಸುಮ್ನೆ ಇರುತ್ತಾನಾ? ಹಾಗಾಗಿ ಬಸ್ಸು ಸರ್ಕಾರದ್ದೋ ಖಾಸಗಿಯದ್ದೋ ಎಂಬ ಜಗಳ ನನಗೆ ಈಗ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಟಿಕೆಟ್ ದುಡ್ಡು ಯಾರ ಜೇಬಿಗೆ ಹೋಗುತ್ತದೆ ಎಂದು ಮೊದಲು ನೋಡುತ್ತೇನೆ.

2023ರ ಜೂನ್‌ನಲ್ಲಿ ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂದಾಗ ಅಮ್ಮನಿಗೆ ಫೋನ್ ಮಾಡಿದ್ದೆ. "ನಮ್ಮ ರೂಟಲ್ಲಿ ಸರ್ಕಾರಿ ಬಸ್ಸೇ ಇಲ್ಲ ಮಾರಾಯ, ಫ್ರೀ ಎಲ್ಲಿಂದ?" ಎಂದರು. ಅದೇ ಖಾಸಗಿ ಬಸ್ಸುಗಳಿಗೆ ಇಲ್ಲಿಯ ಹಾಗೆ ಸರ್ಕಾರವೇ ದುಡ್ಡು ಕೊಟ್ಟು ಓಡಿಸಬಹುದಲ್ವಾ ಎಂದು ನನ್ನ ಪಾಠ ಶುರು ಮಾಡಿದೆ. ಪೂರ್ತಿ ಕೇಳಿ, "ಆಗ ಕಂಡಕ್ಟರ್ ನಾನು ಬರುವವರೆಗೆ ಬಸ್ ನಿಲ್ಲಿಸ್ತಾನಾ?" ಎಂದರು.

ಅದೂ ಹೌದು. ನಿನ್ನೆ ನಾನು ಓಡಿಕೊಂಡು ಸ್ಟಾಪ್ ಮುಟ್ಟುವಾಗ ಹಳದಿ ಬಸ್ಸು ಬಾಗಿಲು ಹಾಕಿಕೊಂಡು ಹೊರಟೇ ಹೋಯಿತು.